ಒಂದೇ ಪರದೆ, ಎಂಟು ಟೂರ್ನಮೆಂಟ್: ಪೋಕರ್‌ಸ್ಟಾರ್ಸ್ ಡೆಸ್ಕ್‌ಟಾಪ್ ಎಷ್ಟು ತಡೆದುಕೊಳ್ಳುತ್ತದೆ?

ಪೋಕರಿನಲ್ಲಿ, ನೇರ ದುಡ್ಡಿಗೆ ಆಡುವ ಕ್ಯಾಶ್ ಟೇಬಲ್ಲಿನಿಂದ ಸಾಕೆನಿಸಿದಾಗ ಎದ್ದು ಹೋಗಬಹುದು. ಟೂರ್ನಮೆಂಟಿನಲ್ಲಿ ಆ ಸವಲತ್ತಿಲ್ಲ. ದುಡ್ಡು ಕಟ್ಟಿ ಕೂತ ಮೇಲೆ ಚಿಪ್ಸೆಲ್ಲ ಕಳೆಯಬೇಕು, ಇಲ್ಲವೇ ಕೊನೆತನಕ ಉಳಿಯಬೇಕು. ನಡುವೆ ಎದ್ದು ಹೋದರೂ ಬ್ಲೈಂಡು (ಎಲೆ ನೋಡುವ ಮುಂಚೆ ಸರದಿಯಂತೆ ಇಬ್ಬರು ಕಟ್ಟಲೇಬೇಕಾದ ಸಣ್ಣ, ದೊಡ್ಡ ಪಂತ), ಆಂಟಿ (ಎಲ್ಲರೂ ಕಟ್ಟುವ ಕಿರುಪಂತ) ನಿಮ್ಮ ಚಿಪ್ಸಿನಿಂದ ಕಳೆಯುತ್ತಲೇ ಇರುತ್ತವೆ. (ಕನ್ನಡದಲ್ಲಿ ಬರೆದರೆ ಪಕ್ಕದ ಮನೆಯ ಆಂಟಿ ಬಂದಂತಾಗುತ್ತದೆ, ಬೇರೆ ಪದ ಯಾರೂ ಬಳಸುವುದಿಲ್ಲ.) ಹಾಗಾಗಿ ಒಂದೇ ಹೊತ್ತಿಗೆ ಹಲವು ಟೂರ್ನಮೆಂಟ್ ಆಡುವವರ ಕೈಯಲ್ಲಿರುವುದು ಒಂದೇ ತಿರುಗಣಿ: ಹೊಸದಕ್ಕೆ ಹೆಸರು ಕೊಡುವುದೋ ಬೇಡವೋ ಎಂಬುದು. ಕೊಟ್ಟ ಮೇಲೆ ಎಷ್ಟು ಟೇಬಲ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದು ನಿಮ್ಮ ಮಾತು ಕೇಳುವುದಿಲ್ಲ. ಆನ್‌ಲೈನ್ ಪೋಕರ್ ತಾಣ ಪೋಕರ್‌ಸ್ಟಾರ್ಸ್‌ನ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಎಷ್ಟು ಟೇಬಲ್ ತೆರೆಯಬಲ್ಲದು ಎಂಬುದಕ್ಕಿಂತ, ಕೊನೆಯ ಎರಡು ಗಂಟೆಯಲ್ಲಿ ನಿಮ್ಮಿಂದ ತಪ್ಪು ಕ್ಲಿಕ್ ಆಗದಂತೆ ಎಷ್ಟು ಕಾಯುತ್ತದೆ ಎಂಬ ಲೆಕ್ಕದಲ್ಲಿ ಈ ವಿಮರ್ಶೆ ಬರೆದಿದೆ.

ಮೊದಲು ಕಾನೂನು. ಭಾರತದಲ್ಲಿ ಕೂತು ದುಡ್ಡಿಗೆ ಆಡುವವರಿಗೆ ಇದು ಶಿಫಾರಸಲ್ಲ. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. ಆಗ 'ಪೋಕರ್ ಕೌಶಲದ ಆಟ, ತೊಂದರೆಯಿಲ್ಲ' ಎಂಬ ಮಾತು ಬೆಂಗಳೂರಿನ ತುಂಬ ಹರಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ಕೆಳಗೆ ತಂದಿತು. ಅದಾದ ಕೂಡಲೇ ಪೋಕರ್‌ಬಾಜಿ, ಅಡ್ಡಾ52 ಮೊದಲಾದ ಇಲ್ಲಿನ ತಾಣಗಳು ದುಡ್ಡಿನ ಆಟ ನಿಲ್ಲಿಸಿದವು. ವಿಪಿಎನ್ ಹಾಕಿಕೊಂಡು ಹೊರದೇಶದ ತಾಣಕ್ಕೆ ಹೋಗುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಗೆದ್ದ ದುಡ್ಡು ತೆಗೆಯುವಾಗ ಗುರುತು, ವಿಳಾಸ ಕೇಳಿ ಖಾತೆ ಬಂದ್ ಮಾಡಿದರೆ ಆ ಉಪಾಯ ಹೇಳಿದವರು ಸಿಗುವುದಿಲ್ಲ. ಕೆಳಗಿನದೆಲ್ಲ ಇಂಗ್ಲೆಂಡಿನಂಥ, ಪರವಾನಗಿ ಇರುವ ಕಡೆ ನೆಲೆಸಿ ಆಡುವ ಕನ್ನಡಿಗರಿಗೆ. ಅಂಥವರಿಗೂ ಮೊದಲ ವಾರ ಬರೀ ಪ್ಲೇ-ಮನಿ ಚಿಪ್ಸಿನಲ್ಲಿ ಕಳೆಯುವುದು ಒಳ್ಳೆಯದು. ಅದೇ ಕಿಟಕಿ, ಅದೇ ಬಟನ್, ಕಳೆದುಕೊಳ್ಳುವುದಕ್ಕೇನೂ ಇರುವುದಿಲ್ಲ.

ಎಷ್ಟು ಟೇಬಲ್? ಮೊದಲು ಸೆಕೆಂಡು ಲೆಕ್ಕ ಹಾಕಿ

ಒಂಬತ್ತು ಜನರ ಟೇಬಲ್ಲಿನಲ್ಲಿ ಗಂಟೆಗೆ ಸುಮಾರು 60 ಕೈ (ಒಮ್ಮೆ ಎಲೆ ಹಂಚಿದರೆ ಒಂದು ಕೈ) ಆಟ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ಟೇಬಲ್ಲಿಗೆ 480. ಐದರಲ್ಲಿ ನಾಲ್ಕನ್ನು ಎಲೆ ನೋಡಿದ ಕೂಡಲೇ ಎಸೆಯುತ್ತೀರಿ, ತಲಾ ಒಂದೂವರೆ ಸೆಕೆಂಡು. ಉಳಿದ 96 ಕೈಗಳಲ್ಲಿ ತಲಾ ಎರಡೂವರೆ ಬಾರಿ ಯೋಚಿಸುವ ಸಂದರ್ಭ ಬಂದರೆ 240 ತೀರ್ಮಾನ. ಬಿಡುವು ಕಳೆದು ಆಡುವ ಸಮಯ 55 ನಿಮಿಷ, ಅಂದರೆ 3,300 ಸೆಕೆಂಡು. ಎಸೆಯುವುದಕ್ಕೆ 576 ಸೆಕೆಂಡು ಹೋದರೆ ಒಂದೊಂದು ತೀರ್ಮಾನಕ್ಕೆ ಸಿಗುವುದು 11 ಸೆಕೆಂಡು. ಇದೇ ಲೆಕ್ಕದಲ್ಲಿ ನಾಲ್ಕು ಟೇಬಲ್ಲಿಗೆ 25 ಸೆಕೆಂಡು, ಹನ್ನೆರಡಕ್ಕೆ ಏಳಕ್ಕಿಂತ ಕಡಿಮೆ, ಹದಿನಾರಕ್ಕೆ ನಾಲ್ಕೂವರೆ.

ಇದು ಸರಾಸರಿ. ನಿಜದಲ್ಲಿ ತೀರ್ಮಾನಗಳು ಸಾಲಾಗಿ ನಿಂತು ಬರುವುದಿಲ್ಲ. ಹದಿನೈದು ಸೆಕೆಂಡು ಏನೂ ಇಲ್ಲದೆ, ಆಮೇಲೆ ಮೂರು ಟೇಬಲ್ ಒಟ್ಟಿಗೆ ಕೂಗುತ್ತವೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಕಾದಂತೆ. ಆ ಮೂರರಲ್ಲಿ ಒಂದು ನದಿಯ ಎಲೆ (ರಿವರ್, ಟೇಬಲ್ ನಡುವೆ ಬೀಳುವ ಕೊನೆಯ ಎಲೆ) ಬಿದ್ದ ಮೇಲೆ ದೊಡ್ಡ ಪಂತಕ್ಕೆ ಸರಿಸಮ ಹಾಕುವ ಕಾಲ್ ಆಗಿದ್ದರೆ ಉಳಿದೆರಡರಲ್ಲಿ ಫೋಲ್ಡ್ ಮಾಡುವುದು, ಅಂದರೆ ಎಲೆ ಎಸೆಯುವುದು, ಅಭ್ಯಾಸವಾಗಿಬಿಡುತ್ತದೆ. ಹೆಚ್ಚು ಟೇಬಲ್ ಆಡುವವರ ನಷ್ಟ ಹೋಗುವ ದಾರಿ ಇದೇ. ದೊಡ್ಡ ತಪ್ಪಿನಿಂದಲ್ಲ, ಸಣ್ಣ ಅವಕಾಶ ಬಿಡುತ್ತ ಬಿಡುತ್ತ. ಉದಾಹರಣೆಗೆ ಬ್ಲೈಂಡ್ 500/1,000, ಆಂಟಿ 125, ಒಂಬತ್ತು ಜನ. ಯಾರೂ ಏನೂ ಮಾಡುವ ಮೊದಲೇ ನಡುವೆ 2,625 ಚಿಪ್ಸ್ ಬಿದ್ದಿರುತ್ತವೆ. ಬಟನ್ ಸ್ಥಾನದಿಂದ (ಎಲೆ ಹಂಚುವವರ ಜಾಗ) 2,200ಕ್ಕೆ ರೈಸ್ ಮಾಡಿದರೆ, ಅಂದರೆ ಪಂತ ಏರಿಸಿದರೆ, ನೂರಕ್ಕೆ 46 ಸಲ ಎಲ್ಲರೂ ಫೋಲ್ಡ್ ಮಾಡಿದರೂ ಸಾಕು, ಮುಂದಿನ ಆಟ ನೋಡದೆಯೇ ಅಸಲು ಬಂತು. ಹದಿನಾರು ಟೇಬಲ್ ತೆರೆದವರು ಈ ಕೈಯನ್ನು ಕೆಟ್ಟ ಎಲೆ ಅಂತ ಎಸೆಯುತ್ತಾರೆ, ಎಸೆದದ್ದು ಗೊತ್ತೂ ಆಗುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ: 11 ಡಾಲರ್ ಟೂರ್ನಮೆಂಟ್ ನಾಲ್ಕು, ತಲಾ ಶೇ. 25 ಲಾಭ ಬಂದರೆ ಒಟ್ಟು 11 ಡಾಲರ್. ಎಂಟಕ್ಕೇರಿಸಿ ಲಾಭ ಶೇ. 15ಕ್ಕೆ ಇಳಿದರೂ 13.20. ಹನ್ನೆರಡಕ್ಕೇರಿಸಿ ಶೇ. 8ಕ್ಕೆ ಇಳಿದರೆ 10.56. ಈ ಶೇಕಡಾಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮವು ಬೇರೆ ಇರುತ್ತವೆ. ಆದರೆ ಗೆರೆ ಏರಿ ಇಳಿಯುವುದಂತೂ ಹೀಗೆಯೇ. ಕಡಿಮೆ ಮೊತ್ತದ ಟೂರ್ನಮೆಂಟುಗಳಿಗೆ ಆರರಿಂದ ಎಂಟು, ಎದುರಾಳಿಗಳು ಗಟ್ಟಿಯಾಗಿರುವ ಮೇಲಿನ ಹಂತಗಳಿಗೆ ನಾಲ್ಕು. ಅದಕ್ಕಿಂತ ಹೆಚ್ಚು ಬೇಕೆನ್ನುವವರಿಗೆ ಎರಡು ದಾಖಲೆ ನೆನಪಿಸಬಹುದು. ಫ್ರಾನ್ಸಿನ ಬರ್ಟ್ರಾಂಡ್ 'ಎಲ್ಕಿ' ಗ್ರೋಸ್ಪೆಲಿಯೆ 2009ರಲ್ಲಿ ಒಂದು ಗಂಟೆಯಲ್ಲಿ 62 ಸಿಟ್-ಅಂಡ್-ಗೋ (ಜನ ತುಂಬಿದ ಕೂಡಲೇ ಶುರುವಾಗುವ ಸಣ್ಣ ಟೂರ್ನಮೆಂಟ್) ಆಡಿ ಗಿನ್ನೆಸ್ ಸೇರಿದರು. ಅಮೆರಿಕದ ರ್‍ಯಾಂಡಿ ಲ್ಯೂ 2012ರಲ್ಲಿ ಎಂಟು ಗಂಟೆಯಲ್ಲಿ 23,493 ಕೈ ಆಡಿದರು. ಲಾಭದಲ್ಲೇ ಮುಗಿಸಬೇಕೆಂಬ ಷರತ್ತಿತ್ತು, ಮುಗಿಸಿದರು: 7 ಡಾಲರ್ 65 ಸೆಂಟ್.

ಟೇಬಲ್ ಜೋಡಿಸುವ ಮೂರು ಬಗೆ

ಪೋಕರ್‌ಸ್ಟಾರ್ಸ್ ಕಿಟಕಿಗಳನ್ನು ಟೈಲ್, ಕ್ಯಾಸ್ಕೇಡ್, ಸ್ಟ್ಯಾಕ್ ಎಂದು ಮೂರು ರೀತಿ ಜೋಡಿಸುತ್ತದೆ. ನಾವೇ ಎಳೆದಿಟ್ಟ ಜೋಡಣೆಯನ್ನು ಉಳಿಸಿಕೊಳ್ಳಲೂ ಬಿಡುತ್ತದೆ.

ಟೈಲ್ ಎಂದರೆ ಅಂಗಳದಲ್ಲಿ ಹಪ್ಪಳ ಹರವಿದಂತೆ, ಒಂದರ ಮೇಲೊಂದು ಬಾರದ ಹಾಗೆ. ಎಲ್ಲ ಟೇಬಲ್ಲೂ ಎಲ್ಲ ಹೊತ್ತೂ ಕಾಣುತ್ತದೆ. ನಿಮ್ಮ ಸರದಿ ಇಲ್ಲದಾಗಲೂ ಯಾರು ಯಾರಿಗೆ ಏನು ತೋರಿಸಿದರು ಎಂದು ಕಣ್ಣಂಚಿನಲ್ಲೇ ತಿಳಿಯುತ್ತದೆ. ತೊಂದರೆ ಜಾಗದ್ದು. 24 ಇಂಚಿನ 1920×1080 ಪರದೆಯಲ್ಲಿ ನಾಲ್ಕು ಟೇಬಲ್ ಇಟ್ಟರೆ ತಲಾ 960×540, ಆರಾಮ. ಒಂಬತ್ತು ಇಟ್ಟರೆ 640×360. ಚಿಪ್ಸಿನ ಅಂಕಿ ಓದಲು ಮೂಗು ಪರದೆಗೆ ತಾಗಬೇಕು. 27 ಇಂಚಿನ 2560×1440ರಲ್ಲಿ ಒಂಬತ್ತಕ್ಕೆ 853×480 ಸಿಗುತ್ತದೆ, ಇದು ಓದಬಹುದಾದ ಕೊನೆಯ ಮಿತಿ. ಒಂದೇ ಪರದೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. 4ಕೆ ಪರದೆಯಲ್ಲಿ ಜಾಗ ಇನ್ನೂ ಹೆಚ್ಚು, ಆದರೆ ವಿಂಡೋಸ್ ಅಕ್ಷರ ದೊಡ್ಡದು ಮಾಡಲು ಸ್ಕೇಲಿಂಗ್ ಶೇ. 150ಕ್ಕೆ ಇಟ್ಟಿರುತ್ತದೆ. ಆಗ ಟೇಬಲ್ ಮೇಲೆ ಅಂಕಿಅಂಶ ತೋರಿಸುವ ಹೊರಗಿನ ಸಾಧನಗಳು ಒಬ್ಬರ ಲೆಕ್ಕವನ್ನು ಪಕ್ಕದವರ ತಲೆಯ ಮೇಲೆ ಕೂರಿಸುವುದುಂಟು.

ಸ್ಟ್ಯಾಕ್‌ನಲ್ಲಿ ಎಲ್ಲ ಟೇಬಲ್ಲೂ ಒಂದೇ ಜಾಗದಲ್ಲಿ, ಇಸ್ಪೀಟು ಕಟ್ಟಿನಂತೆ. ಸರದಿ ಬಂದ ಟೇಬಲ್ ಮೇಲೆ ಬರುತ್ತದೆ. ಕಣ್ಣು, ಮೌಸು ಒಂದೇ ಕಡೆ. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲೂ ಹನ್ನೆರಡು ಆಡಬಹುದು. ಅಪಾಯ ಇರುವುದೂ ಇಲ್ಲೇ, ಸ್ವಲ್ಪ ಹತ್ತಿರದಿಂದ ನೋಡಿ. ನಿಮ್ಮ ಕೈಯಲ್ಲಿ ಗುಲಾಮ-ನಾಲ್ಕು ಇದೆ. ಫೋಲ್ಡ್ ಒತ್ತುತ್ತೀರಿ. ಕ್ಲಿಕ್ ಹಿಡಿದ ಸದ್ದು ಬರಲಿಲ್ಲವೆಂದೋ, ಬೆರಳಿನ ಚಟದಿಂದಲೋ ಇನ್ನೊಮ್ಮೆ ಒತ್ತುತ್ತೀರಿ. ಮೊದಲ ಒತ್ತಿಗೇ ಆ ಟೇಬಲ್ ಕೆಳಗೆ ಸರಿದು, ಅದೇ ಜಾಗದಲ್ಲಿ, ಅದೇ ಅಳತೆಯ, ಅದೇ ಹಸಿರಿನ ಇನ್ನೊಂದು ಟೇಬಲ್ ಬಂದಿರುತ್ತದೆ. ಫೋಲ್ಡ್ ಬಟನ್ ಒಂದು ಎಳೆಯಷ್ಟೂ ಕದಲಿರುವುದಿಲ್ಲ. ಎರಡನೆಯ ಒತ್ತು ಅಲ್ಲಿ ಬೀಳುತ್ತದೆ. ಆ ಟೇಬಲ್ಲಿನಲ್ಲಿ ನಿಮಗೆ ಬಂದಿದ್ದದ್ದು ಜೋಡಿ ಎಕ್ಕ ಎಂದು ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ತೆರೆದಾಗ ಗೊತ್ತಾಗುತ್ತದೆ. ಸವೆದ ಮೌಸಿನ ಬಟನ್ ಒಂದು ಒತ್ತಿಗೆ ಎರಡು ಕ್ಲಿಕ್ ಕೊಡುವ ರೋಗಕ್ಕೆ ಬಿದ್ದರೂ ಇದೇ ಕಥೆ. ಆ ಮೌಸನ್ನು ಮಕ್ಕಳಿಗೆ ಕೊಟ್ಟು ಹೊಸತು ತನ್ನಿ, ರಿಪೇರಿ ಬೇಡ.

ಕ್ಯಾಸ್ಕೇಡ್‌ನಲ್ಲಿ ಕಿಟಕಿಗಳು ಒಂದರ ಹಿಂದೊಂದು ಸ್ವಲ್ಪ ಸರಿದು ನಿಲ್ಲುತ್ತವೆ. ಹಿಂದಿನ ಟೇಬಲ್ಲುಗಳ ಅಂಚು ಮಾತ್ರ ಕಾಣುತ್ತದೆ. ಟೈಲಿನ ಅನುಕೂಲವೂ ಇಲ್ಲ, ಸ್ಟ್ಯಾಕಿನ ವೇಗವೂ ಇಲ್ಲ. ಬಿಟ್ಟುಬಿಡಿ.

ಎಂಟು ಟೇಬಲ್ಲಿನವರಿಗೆ ಹೊಂದುವುದು ಮಿಶ್ರ ಜೋಡಣೆ. ಪರದೆಯ ಎಡಭಾಗದಲ್ಲಿ ನಾಲ್ಕು ದೊಡ್ಡ ಟೇಬಲ್ ಟೈಲ್ ಮಾಡಿ. ಬಹುಮಾನದ ಹತ್ತಿರ ಬಂದವು, ಹೆಚ್ಚು ದುಡ್ಡಿನವು ಅಲ್ಲಿ. ಈಗಷ್ಟೇ ಶುರುವಾದವು ಬಲಗಡೆ ಒಂದು ಸಣ್ಣ ಸ್ಟ್ಯಾಕಿನಲ್ಲಿ. ಜೋಡಣೆಯನ್ನು ಹೆಸರು ಕೊಟ್ಟು ಉಳಿಸಿಟ್ಟರೆ ಮರುದಿನ ಮತ್ತೆ ಎಳೆದಾಡುವ ಕೆಲಸವಿಲ್ಲ. ಕೊರತೆ ಏನೆಂದರೆ ಯಾವ ಟೂರ್ನಮೆಂಟ್ ಯಾವ ಜಾಗಕ್ಕೆ ಹೋಗಬೇಕು ಎಂಬುದನ್ನು ನೀವೇ ಕೈಯಾರೆ ಎಳೆದು ಹೇಳಬೇಕು. ಬಿಡುವಿನಲ್ಲಿ ಮಾಡುವ ಕೆಲಸ ಅದು, ಆಟದ ನಡುವೆ ಅಲ್ಲ.

ಕೀಬೋರ್ಡು, ಮತ್ತು ಅದು ಕೈಕೊಡುವ ನಾಲ್ಕು ರೀತಿ

ಹಾಟ್‌ಕೀ ಸೌಲಭ್ಯ ಸಾಫ್ಟ್‌ವೇರಿನೊಳಗೇ ಇದೆ. ಫೋಲ್ಡ್, ಚೆಕ್ (ಪಂತ ಕಟ್ಟದೆ ಸರದಿ ದಾಟಿಸುವುದು)/ಕಾಲ್, ರೈಸ್, ಬೆಟ್ ಮೊತ್ತದ ಬಟನ್ನುಗಳು ಎಲ್ಲಕ್ಕೂ ಕೀಲಿ ಕೊಡಬಹುದು. ಫೋಲ್ಡ್ ಕೀಲಿಯ ಪಕ್ಕದಲ್ಲೇ ಆಲ್-ಇನ್ (ಇದ್ದ ಚಿಪ್ಸನ್ನೆಲ್ಲ ಪಂತಕ್ಕೊಡ್ಡುವುದು) ಇಡಬೇಡಿ. ನಡುವೆ ಕನಿಷ್ಠ ಎರಡು ಖಾಲಿ ಕೀಲಿ ಇರಲಿ. ನಂಬರ್ ಪ್ಯಾಡಿನಲ್ಲಿ ಸೊನ್ನೆ ಫೋಲ್ಡ್, ಒಂದು ಚೆಕ್/ಕಾಲ್, ಮೂರು ರೈಸ್, ಒಂಬತ್ತು ಆಲ್-ಇನ್ ಎಂದಿಟ್ಟರೆ ಬೆರಳು ತಾನೇ ದಾರಿ ಕಲಿಯುತ್ತದೆ.

ಬೆಟ್ ಮೊತ್ತದ ಬಟನ್ನುಗಳನ್ನು ಎರಡು ಗುಂಪಾಗಿ ಹೊಂದಿಸಬೇಕು. ಮೊದಲ ಮೂರು ಎಲೆ ಬೀಳುವ ಮುಂಚೆ ಬಿಗ್ ಬ್ಲೈಂಡಿನ ಲೆಕ್ಕದಲ್ಲಿ: 2.2, 2.5, 3, ಮತ್ತು ಆಲ್-ಇನ್. ಬಿದ್ದ ಮೇಲೆ ಪಾಟಿನ (ನಡುವೆ ಕೂಡಿದ ಮೊತ್ತ) ಶೇಕಡಾ ಲೆಕ್ಕದಲ್ಲಿ: 33, 50, 75. ಜೊತೆಗೆ ಚಿಪ್ಸನ್ನು ಅಂಕಿಯಲ್ಲಲ್ಲ, ಬಿಗ್ ಬ್ಲೈಂಡಿನಲ್ಲಿ ತೋರಿಸು ಎಂಬ ಆಯ್ಕೆಯನ್ನು ಹಾಕಿಬಿಡಿ. ಎಂಟು ಟೂರ್ನಮೆಂಟಿನಲ್ಲಿ ಎಂಟು ಬೇರೆ ಬೇರೆ ಬ್ಲೈಂಡು ನಡೆಯುತ್ತಿರುತ್ತದೆ. ಒಂದರಲ್ಲಿ 18,400 ಎಂದರೆ ದೊರೆ, ಇನ್ನೊಂದರಲ್ಲಿ ಭಿಕಾರಿ. '12 ಬಿಬಿ' (12 ಬಿಗ್ ಬ್ಲೈಂಡ್) ಎಂದು ಕಂಡರೆ ಎಲ್ಲ ಟೇಬಲ್ಲಿನಲ್ಲೂ ಅರ್ಥ ಒಂದೇ. ಹಲವು ಟೂರ್ನಮೆಂಟ್ ಆಡುವವರಿಗೆ ಈ ಸಾಫ್ಟ್‌ವೇರಿನಲ್ಲಿರುವ ಅತಿ ಉಪಯೋಗದ ಆಯ್ಕೆ ಇದು ಎಂದರೂ ತಪ್ಪಲ್ಲ.

ಕೈಕೊಡುವ ರೀತಿಗಳು: ನಮ್‌ಲಾಕ್ ಆರಿದ್ದರೆ ಪ್ಯಾಡ್ ಸತ್ತಿರುತ್ತದೆ, ನೀವು ಒತ್ತುತ್ತಲೇ ಇರುತ್ತೀರಿ, ಗಡಿಯಾರ ಓಡುತ್ತಿರುತ್ತದೆ. ಕರ್ಸರ್ ಚಾಟ್ ಪೆಟ್ಟಿಗೆಯಲ್ಲಿ ಕೂತಿದ್ದರೆ ನಿಮ್ಮ ಫೋಲ್ಡ್ ಕೀಲಿ ಅಲ್ಲೇ ಬೆರಳಚ್ಚಾಗುತ್ತದೆ, ಚಾಟನ್ನೇ ಮುಚ್ಚಿಡಿ. ಬಿಬಿ ಲೆಕ್ಕದಲ್ಲಿ 2.2 ಬೆರಳಚ್ಚಿಸುವಾಗ ಚುಕ್ಕೆ ಬೀಳದಿದ್ದರೆ ಅದು 22. ಇಪ್ಪತ್ತು ಬಿಗ್ ಬ್ಲೈಂಡ್ ಇದ್ದವರಿಗೆ ಅದು ನೇರ ಆಲ್-ಇನ್. ಆದ್ದರಿಂದ ಮೊತ್ತ ಬೆರಳಚ್ಚಿಸುವ ಗೋಜಿಗೇ ಹೋಗದೆ ಬಟನ್ ಬಳಸಿ. ನಾಲ್ಕನೆಯದು ಕೀಬೋರ್ಡಿನದ್ದಲ್ಲ, 'ಮುಂಗಡ' ಚೌಕಗಳದ್ದು. ಸರದಿ ಬರುವ ಮೊದಲೇ ಫೋಲ್ಡ್, ಚೆಕ್/ಫೋಲ್ಡ್, ಕಾಲ್ ಎಂದು ಗುರುತು ಹಾಕಿಡುವ ಸೌಲಭ್ಯ ವೇಗಕ್ಕೆ ಒಳ್ಳೆಯದು. ಚೆಕ್/ಫೋಲ್ಡ್ ಹಾಕಿ ಕಣ್ಣು ಬೇರೆಡೆ ತಿರುಗಿಸಿದರೆ ನಷ್ಟವಿಲ್ಲ. 'ಎಷ್ಟಿದ್ದರೂ ಕಾಲ್' ಎಂಬ ಚೌಕ ಮಾತ್ರ ಎದುರಾಳಿ ಮೊತ್ತ ಏರಿಸಿದರೂ ಬಿಡದೆ ಕಾಲ್ ಮಾಡುತ್ತದೆ. ಅದು ಏಕಿದೆಯೋ ದೇವರೇ ಬಲ್ಲ.

ನಾಲ್ಕು ಬಣ್ಣದ ಎಲೆಗಳನ್ನೂ ಹಾಕಿಕೊಳ್ಳಿ: ಆಟೀನು ಕೆಂಪು, ಇಸ್ಪೀಟು ಕಪ್ಪು, ಡೈಮಂಡ್ ನೀಲಿ, ಕಳಾವರ್ ಹಸಿರು. ಸಣ್ಣ ಟೇಬಲ್ಲಿನಲ್ಲಿ ಇಸ್ಪೀಟನ್ನು ಕಳಾವರ್ ಎಂದು ಓದಿ ಇಲ್ಲದ ಫ್ಲಶ್ಶಿಗೆ (ಒಂದೇ ಜಾತಿಯ ಐದು ಎಲೆ) ದುಡ್ಡು ಸುರಿಯುವುದು ಇದರಿಂದ ತಪ್ಪುತ್ತದೆ. ಅನಿಮೇಷನ್ನು, ಎದುರಾಳಿಗೆ ಟೊಮೆಟೊ ಎಸೆಯುವ ಆಟಿಕೆ, ಎಲ್ಲ ಆಫ್.

ಐವತ್ತೈದನೆಯ ನಿಮಿಷ

ಹೆಚ್ಚಿನ ಟೂರ್ನಮೆಂಟುಗಳಲ್ಲಿ ಬಿಡುವು ಪ್ರತಿ ಗಂಟೆಯ 55ನೇ ನಿಮಿಷಕ್ಕೆ, ಐದು ನಿಮಿಷ, ಎಲ್ಲದರಲ್ಲೂ ಒಟ್ಟಿಗೆ. ಯಾವಾಗ ಶುರುವಾಗಿದ್ದರೂ ಸರಿ. ಇದಿಲ್ಲದ ತಾಣದಲ್ಲಿ ಎಂಟು ಟೇಬಲ್ಲಿಗೆ ಎಂಟು ಬೇರೆ ಬಿಡುವು, ಅಂದರೆ ಬಚ್ಚಲಿಗೆ ಹೋಗಲೂ ಯಾವುದೋ ಟೇಬಲ್ಲಿಗೆ ದಂಡ ಕಟ್ಟಬೇಕು. ಹೊಸ ತಾಣ ನೋಡುವವರು ಬೋನಸ್ಸಿಗಿಂತ ಮೊದಲು ಇದನ್ನು ಕೇಳಿ.

ಸಮಯ ಮೀರಿದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. ಮಾಮೂಲು ಸಮಯ ಮುಗಿದ ಮೇಲೆ ಟೈಮ್ ಬ್ಯಾಂಕ್ ಖರ್ಚಾಗುತ್ತದೆ, ಅದೂ ಮುಗಿದರೆ ಕೈ ಫೋಲ್ಡ್ ಆಗಿ ನೀವು 'ಸಿಟ್ಟಿಂಗ್ ಔಟ್' ಆಗುತ್ತೀರಿ. ಅಲ್ಲಿಂದಾಚೆ ಆ ಟೇಬಲ್ಲಿನಲ್ಲಿ ಪ್ರತಿ ಕೈಯೂ ತಾನಾಗಿ ಫೋಲ್ಡ್. ಟೈಲಿನಲ್ಲಿದ್ದರೆ ಕಣ್ಣಿಗೆ ಬೀಳುತ್ತದೆ. ಸ್ಟ್ಯಾಕಿನಲ್ಲಿ ನಿಮ್ಮ ಸರದಿಯೇ ಬಾರದ ಟೇಬಲ್ ಮೇಲೆ ಬರುವುದಾದರೂ ಏಕೆ? ಅಡಿಯಲ್ಲಿ ಬಿದ್ದು ಬ್ಲೈಂಡಿಗೆ ಕರಗುತ್ತಲೇ ಇರುತ್ತದೆ. ತೆರೆದ ಟೇಬಲ್ ಎಷ್ಟೆಂದು ಹತ್ತು ನಿಮಿಷಕ್ಕೊಮ್ಮೆ ಎಣಿಸಿ. ಇಂಟರ್‌ನೆಟ್ ಹೋದರೂ ಇದೇ ಗತಿ. ಟೂರ್ನಮೆಂಟಿನಲ್ಲಿ ನಿಮ್ಮ ತಂತಿ ಕಡಿದದ್ದಕ್ಕೆ ಬ್ಲೈಂಡ್ ಕಾಯುವುದಿಲ್ಲ. ಪೋಕರಿಗೆ ಬೇಕಾದ ಡೇಟಾ ಅತ್ಯಲ್ಪ, ವೇಗ ಮುಖ್ಯವಲ್ಲ, ಕಡಿಯದಿರುವುದು ಮುಖ್ಯ. ವೈಫೈ ಬದಲು ಲ್ಯಾನ್ ಕೇಬಲ್, ಪಕ್ಕದಲ್ಲಿ ಹಾಟ್‌ಸ್ಪಾಟ್ ಸಿದ್ಧವಿರುವ ಫೋನು, ವಿಂಡೋಸ್ ಅಪ್‌ಡೇಟಿಗೆ ತಡೆ, ವಾಟ್ಸಾಪ್ ಮುಚ್ಚಿದ್ದು. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಕ್ಕೆ ಅಂತಲೇ ಒಬ್ಬರು ಪೃಚ್ಛಕರಿರುತ್ತಾರಲ್ಲ, ಎಂಟು ಟೇಬಲ್ಲಿನವರ ಪಾಲಿಗೆ ಆ ಕೆಲಸವನ್ನು ಫ್ಯಾಮಿಲಿ ಗ್ರೂಪು ಮಾಡುತ್ತದೆ.

ಬಹುಮಾನಕ್ಕೆ ಒಂದೇ ಸ್ಥಾನ ಬಾಕಿ ಇರುವಾಗ ಹ್ಯಾಂಡ್-ಫಾರ್-ಹ್ಯಾಂಡ್ ಶುರುವಾಗುತ್ತದೆ. ಎಲ್ಲ ಟೇಬಲ್ಲಿನವರೂ ಒಂದು ಕೈ ಮುಗಿಸುವವರೆಗೆ ಯಾರಿಗೂ ಮುಂದಿನ ಎಲೆ ಹಂಚುವುದಿಲ್ಲ. ಆ ಟೇಬಲ್ ಆಮೆಯಾಗುತ್ತದೆ. ಆ ಹೊತ್ತನ್ನು ಉಳಿದ ಟೇಬಲ್ಲುಗಳಿಗೆ ಕೊಡಬಹುದು. ಹೆಚ್ಚಿನವರು ಇಲ್ಲಿ ಹೊಸ ಟೂರ್ನಮೆಂಟಿಗೆ ಹೆಸರು ಕೊಡುತ್ತಾರೆ. ಬಬಲ್ (ಬಹುಮಾನಕ್ಕೆ ಮುಂಚಿನ ಕೊನೆಯ ಹೊಸ್ತಿಲು) ಒಡೆದ ಮರುನಿಮಿಷಕ್ಕೆ ಸಣ್ಣ ಚಿಪ್ಸಿನವರೆಲ್ಲ ಆಲ್-ಇನ್ ಎನ್ನಲು ಶುರುಮಾಡಿದಾಗ ಪಶ್ಚಾತ್ತಾಪ ಪಡುತ್ತಾರೆ.

ಸಂಜೆಯ ವೇಳಾಪಟ್ಟಿ

ಎಂಟನ್ನೂ ಏಳು ಗಂಟೆಗೆ ಒಟ್ಟಿಗೆ ಶುರುಮಾಡುವುದು ಕೆಟ್ಟ ಯೋಜನೆ. ಆಗ ಎಂಟೂ ಒಟ್ಟಿಗೆ ಬಬಲ್ ಹತ್ತಿರ ಬರುತ್ತವೆ. ಆರಕ್ಕೆ ನಿಧಾನದ ಎರಡು (ಬ್ಲೈಂಡ್ 10–15 ನಿಮಿಷಕ್ಕೊಮ್ಮೆ ಏರುವವು), ಆರೂವರೆಗೆ ಎರಡು, ಏಳಕ್ಕೆ ಎರಡು, ಏಳೂವರೆಗೆ ಟರ್ಬೊ ಎರಡು. ಟರ್ಬೊದಲ್ಲಿ ಬ್ಲೈಂಡ್ ಐದು ನಿಮಿಷಕ್ಕೆ ಏರುವುದರಿಂದ ಅವು ಬೇಗ ತೀರ್ಮಾನವಾಗಿ ಜಾಗ ಬಿಡುತ್ತವೆ. ಎಂಟಕ್ಕೆ ಹೆಸರು ಕೊಡುವುದು ಬಂದ್. ಇದು ಬೀಗ ಹಾಕಿದ ಹಾಗೆ ಬಂದ್ ಆಗಬೇಕು, ಏಕೆಂದರೆ ತಡವಾಗಿ ಸೇರಲು ಅವಕಾಶವಿರುವ ಟೂರ್ನಮೆಂಟುಗಳು ಲಾಬಿಯಲ್ಲಿ (ಟೂರ್ನಮೆಂಟುಗಳ ಪಟ್ಟಿಯಿರುವ ಕಿಟಕಿ) ಕೂಗಿ ಕರೆಯುತ್ತಿರುತ್ತವೆ. ಒಂದರಿಂದ ಹೊರಬಿದ್ದ ತಕ್ಷಣ ರೀ-ಎಂಟ್ರಿ (ಮತ್ತೆ ದುಡ್ಡು ಕಟ್ಟಿ ಸೇರುವುದು) ಬೇಕೇ ಎಂಬ ಪ್ರಶ್ನೆ ಪರದೆಯ ನಡುವೆ ಬರುತ್ತದೆ. ಬೇರೆ ಏಳು ಟೇಬಲ್ ಓಡುತ್ತಿರುವಾಗ ಯೋಚಿಸಲು ಪುರುಸೊತ್ತಿಲ್ಲದೆ 'ಹೌದು' ಒತ್ತುವವರೇ ಹೆಚ್ಚು. ಸಾಫ್ಟ್‌ವೇರಿನ ಮೇಲಿನ ಮುಖ್ಯ ಆಕ್ಷೇಪಣೆ ಇದು: ಆಡುವಾಗ ತಪ್ಪು ಕ್ಲಿಕ್ ಆಗದಂತೆ ಹತ್ತು ಆಯ್ಕೆ ಕೊಟ್ಟವರು, ದುಡ್ಡು ಕಟ್ಟುವ ಕ್ಲಿಕ್ಕನ್ನು ಮಾತ್ರ ಎಣ್ಣೆ ಸವರಿ ನುಣುಪಾಗಿಟ್ಟಿದ್ದಾರೆ. ರೀ-ಎಂಟ್ರಿ ಎಷ್ಟು ಎಂದು ಆಟಕ್ಕೆ ಮೊದಲೇ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿ.

ಎದುರಾಳಿಯನ್ನು ಹೊರಹಾಕಿದ್ದಕ್ಕೇ ದುಡ್ಡು ಸಿಗುವ ಬೌಂಟಿ ಟೂರ್ನಮೆಂಟನ್ನು ಮಾಮೂಲಿನದರೊಡನೆ ಬೆರೆಸುವುದಾದರೆ ಅವಕ್ಕೆ ಬೇರೆಯೇ ಮೂಲೆ ಕೊಡಿ. ಪ್ರೋಗ್ರೆಸಿವ್ ಬೌಂಟಿಯಲ್ಲಿ ಒಬ್ಬರನ್ನು ಹೊರಹಾಕಿದರೆ ಅವರ ತಲೆಯ ಬೆಲೆಯಲ್ಲಿ ಅರ್ಧ ಕೈಗೆ, ಇನ್ನರ್ಧ ನಿಮ್ಮ ತಲೆಯ ಮೇಲಕ್ಕೆ. ಅಲ್ಲಿ ಸಡಿಲವಾಗಿ ಕಾಲ್ ಮಾಡುವುದು ಸರಿ. ಅದೇ ಕಾಲನ್ನು ಅಭ್ಯಾಸಬಲದಿಂದ ಮಾಮೂಲು ಟೂರ್ನಮೆಂಟಿನ ಬಬಲ್ ಮೇಲೆ ಮಾಡಿದರೆ ಮೂರು ಗಂಟೆಯ ದುಡಿಮೆ ಹೋಯಿತು.

ಹೊರಗಿನ ಸಾಧನಗಳು

ಜುರೋಜಿನ್ ಪೋಕರ್ ಮತ್ತು ಸ್ಟ್ಯಾಕ್‌ಅಂಡ್‌ಟೈಲ್ ಟೇಬಲ್ ಜೋಡಣೆಗಾಗಿಯೇ ಇರುವ ಸಾಧನಗಳು. ಸರದಿ ಬಂದ ಟೇಬಲ್ಲನ್ನು ನೀವು ಗೊತ್ತುಮಾಡಿದ ಜಾಗಕ್ಕೆ ತಂದಿಡುತ್ತವೆ. ಜುರೋಜಿನ್‌ನಲ್ಲಿ ಒಂದೇ ಕೀಲಿ ಹಲವು ತಾಣಗಳಿಗೆ ಹೊಂದುತ್ತದೆ; ಎರಡು ತಾಣದಲ್ಲಿ ಒಟ್ಟಿಗೆ ಆಡುವವರಿಗೆ ಅದೊಂದೇ ಕಾರಣ ಸಾಕು. ಪೋಕರ್‌ಸ್ಟಾರ್ಸ್ ಒಂದರಲ್ಲೇ ಎಂಟರೊಳಗೆ ಆಡುವವರಿಗೆ ಇದರ ಅಗತ್ಯ ಕಾಣುವುದಿಲ್ಲ. ನಿಯಮದ ಗೆರೆ ನೆನಪಿರಲಿ: ಒಂದು ಒತ್ತಿಗೆ ಒಂದು ಕ್ರಿಯೆ ಸರಿ. ಎಲೆ ನೋಡಿ ತಾನೇ ತೀರ್ಮಾನಿಸುವ, ಆಟದ ನಡುವೆ ಉತ್ತರ ಹೇಳಿಕೊಡುವ ಸಾಧನ ಸಿಕ್ಕಿಬಿದ್ದರೆ ಖಾತೆಯೂ ದುಡ್ಡೂ ಹೋಗುತ್ತವೆ.

ಪೋಕರ್‌ಟ್ರ್ಯಾಕರ್ 4, ಹೋಲ್ಡೆಮ್ ಮ್ಯಾನೇಜರ್ 3 ತೋರಿಸುವ ಹಡ್ ಅಂಕಿಗಳು (ಎದುರಾಳಿಗಳು ಆಡುವ ರೀತಿಯ ಲೆಕ್ಕ, ಟೇಬಲ್ ಮೇಲೆಯೇ) ಕ್ಯಾಶ್ ಆಟದವರಿಗೆ ಕಣ್ಣಿದ್ದಂತೆ. ಸಾವಿರಾರು ಜನರ ಟೂರ್ನಮೆಂಟಿನಲ್ಲಿ ಅಷ್ಟು ಬೆಲೆಯಿಲ್ಲ. ಟೇಬಲ್ ಒಡೆದು ನಿಮ್ಮನ್ನು ಬೇರೆಡೆ ಕೂರಿಸುತ್ತಲೇ ಇರುತ್ತಾರೆ, ಒಬ್ಬರ ವಿರುದ್ಧ ಮೂವತ್ತು ನಲವತ್ತು ಕೈ ಸಿಕ್ಕರೆ ಪುಣ್ಯ. ಹನ್ನೆರಡು ಕೈಯಲ್ಲಿ ಮೂರು ಸಲ ಮರುರೈಸ್ ಮಾಡಿದವರು ಹುಲಿಯೂ ಇರಬಹುದು, ಒಳ್ಳೆಯ ಎಲೆ ಬಂದ ಇಲಿಯೂ ಇರಬಹುದು. ಎಷ್ಟು ಕೈಯಲ್ಲಿ ದುಡ್ಡು ಹಾಕಿದರು, ಎಷ್ಟರಲ್ಲಿ ರೈಸ್, ಎಷ್ಟರಲ್ಲಿ ಮರುರೈಸ್, ಒಟ್ಟು ಕೈ ಎಷ್ಟು, ಈ ನಾಲ್ಕು ಅಂಕಿ ಸಾಕು. ಅದಕ್ಕಿಂತ ಹೆಚ್ಚಾದರೆ ಸಣ್ಣ ಟೇಬಲ್ ಸಂತೆಯಾಗುತ್ತದೆ.

ಇನ್ನೊಂದು ತಾಣವಾದ ಜಿಜಿಪೋಕರ್ ಹೊರಗಿನ ಹಡ್ಡನ್ನು ಬಿಡುವುದೇ ಇಲ್ಲ. ತನ್ನದೇ ಸ್ಮಾರ್ಟ್ ಹಡ್ ಕೊಡುತ್ತದೆ, ಆಡಿದ ಕೈಗಳನ್ನು ಆಮೇಲೆ ಅದರದ್ದೇ ಪೋಕರ್‌ಕ್ರಾಫ್ಟ್‌ನಿಂದ ಇಳಿಸಿಕೊಳ್ಳಬೇಕು. ಟೇಬಲ್ ನೋಡಲು ಚೆಂದ, ಬಣ್ಣ ಹೆಚ್ಚು. ಎಂಟು ಟೇಬಲ್ಲಿಗೆ ಆ ಬಣ್ಣವೇ ಭಾರ.

ಖರ್ಚು

5.50 ಡಾಲರಿನ ಟೂರ್ನಮೆಂಟಿನಲ್ಲಿ ತಾಣದ ಪಾಲು 50 ಸೆಂಟ್, ಅಂದರೆ ಕಟ್ಟಿದ್ದರಲ್ಲಿ ಶೇ. 9. ಸಂಜೆಗೆ ಎಂಟು, ವಾರಕ್ಕೆ ಐದು ಸಂಜೆ: 220 ಡಾಲರ್ ಕಟ್ಟಿದ್ದರಲ್ಲಿ 20 ಡಾಲರ್ ಎಲೆ ಹಂಚುವ ಮೊದಲೇ ಹೋಗಿದೆ. ಬಹುಮಾನ ಸಿಗುವುದು ಸಾಮಾನ್ಯವಾಗಿ ಸೇರಿದವರಲ್ಲಿ ಶೇ. 15ರಷ್ಟು ಮಂದಿಗೆ. ಸಂಜೆಗೆ ಎಂಟು ಟೂರ್ನಮೆಂಟ್ ಆಡಿದರೆ ಒಂದರಲ್ಲೂ ಪೈಸೆ ಬಾರದ ಸಾಧ್ಯತೆ 0.85ರ ಎಂಟನೆಯ ಘಾತ, ಶೇ. 27ರ ಸಮೀಪ. ಹೆಚ್ಚುಕಡಿಮೆ ನಾಲ್ಕು ದಿನಕ್ಕೊಂದು ದಿನ ಪೂರ್ತಿ ಬರಿಗೈ, ಅದೂ ಎಲ್ಲ ಸರಿಯಾಗಿ ಆಡಿದಾಗ. ಬಹುಮಾನದ ದೊಡ್ಡ ಪಾಲು ಮೊದಲ ಮೂವರಿಗೆ ಹೋಗುವುದರಿಂದ, ಗೆಲ್ಲುವ ಆಟಗಾರರೂ ನೂರಾರು ಟೂರ್ನಮೆಂಟ್ ನಷ್ಟದಲ್ಲೇ ಇರುವುದು ಮಾಮೂಲು. ಕಟ್ಟುವ ಮೊತ್ತದ 200 ಪಟ್ಟು ಪ್ರತ್ಯೇಕ ದುಡ್ಡಿಲ್ಲದೆ ಎಂಟು ಟೇಬಲ್ ತೆರೆಯಬೇಡಿ. 5.50ಕ್ಕೆ ಅದು 1,100 ಡಾಲರ್. ಬಾಡಿಗೆ, ಊರಿಗೆ ಕಳಿಸುವ ಹಣ ಇದರಲ್ಲಿ ಸೇರಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಿಂದ ಜೂಜಿನ ಖಾತೆಗೆ ದುಡ್ಡು ಹಾಕುವಂತಿಲ್ಲ, ಕಾರ್ಡಾದರೆ ಡೆಬಿಟ್ ಮಾತ್ರ. ಸಾಫ್ಟ್‌ವೇರಿನೊಳಗೆ ದಿನ, ವಾರ, ತಿಂಗಳಿಗೆ ಜಮಾ ಮಿತಿ ಹಾಕಿಕೊಳ್ಳಬಹುದು. ಅದರ ಹತ್ತಿರವೇ ಹೆಚ್ಚಿನವರು ತೆರೆದೂ ನೋಡದ ಇನ್ನೊಂದು ಆಯ್ಕೆಯಿದೆ: ಇಷ್ಟು ಡಾಲರಿಗಿಂತ ಮೇಲಿನ ಟೂರ್ನಮೆಂಟಿಗೆ ನನ್ನನ್ನು ಸೇರಿಸಬೇಡ ಎಂದು ಗೊತ್ತುಮಾಡುವುದು. 5.50 ಆಡುವವರು ಅಲ್ಲಿ 11 ಎಂದು ಹಾಕಿಟ್ಟರೆ, ರಾತ್ರಿ ಹನ್ನೊಂದೂವರೆಗೆ ಏಳು ಟೇಬಲ್ ಕಳೆದುಕೊಂಡು ಎಂಟನೆಯದರಲ್ಲಿ ಒಂಬತ್ತು ಬಿಬಿ ಉಳಿದಿರುವಾಗ 109 ಡಾಲರಿನ ಟರ್ಬೊ ಎಷ್ಟು ಕರೆದರೂ ಲಾಬಿ ಒಳಗೆ ಬಿಡುವುದಿಲ್ಲ. ಮಿತಿ ಹಾಕಿದರೂ ಕೈ ನಿಲ್ಲದು ಎನಿಸುವವರಿಗೆ ಗ್ಯಾಮ್‌ಸ್ಟಾಪ್ ಇದೆ. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ, ಬ್ರಿಟನ್ನಿನ ಪರವಾನಗಿಯ ಎಲ್ಲ ತಾಣಗಳಿಂದ ಒಟ್ಟಿಗೆ ಹೊರಗೆ. ಹಾಕಿದ ಮೇಲೆ ಅವಧಿ ಮುಗಿಯುವವರೆಗೆ ತೆಗೆಯಲು ಬರುವುದಿಲ್ಲ.